ನಾಲ್ಕು ಬೇರೆ ಪೆಟ್ಟಿಗೆಗಳಿಂದ

ಇದು ಬೇಡ ಪೊರ್ಬುಗಳೇ, ಅಂದ ಉಪ್ಪಳದ ಮೊಯ್ದು,
ಗಾಜಿನ ಮೇಲೆ ಬೆರಳು ಬಡಿದು.
ಅಗ್ಗ ಹೌದು. ಆದರೆ ಇದರೊಳಗೆ ಬರೆಯುವುದು
ಮಾಡಿಗೆ ಹಂಚು ಹೊದೆಸಿದ ಹಾಗೆ,
ಸಾಲಿನ ಅಂಚಿನ ಮೇಲೆ ಸಾಲು.
ಹಂಚಿನ ಕೆಳಗೇ ಹುಟ್ಟಿದವನು ನಾನು,
ಹೆಚ್ಚು ಹೇಳಬೇಕಾಗಲಿಲ್ಲ:
ಒಡೆದದ್ದು ಒಂದೇ,
ಇಳಿಸಿಡಬೇಕಾದ್ದು ಅರ್ಧ ಮಾಡು.

ಹೊರಗೆ ಗುದೈಬಿಯಾದಲ್ಲಿ ಆಗಸ್ಟ್.
ಡಾಂಬರು ಚಪ್ಪಲಿ ಹಿಡಿದು ಎಳೆಯುತ್ತದೆ,
ಮೂರು ಗಂಟೆಗೆ ಬೆಕ್ಕೂ ಎಟಿಎಮ್ಮಿನ ಒಳಗೆ.

ಹೋದ ವರ್ಷ ಎರಡಿದ್ದವು, ಒಂದಕ್ಕೊಂದು ಕನ್ನಡಿ.
ಒಂದೇ ಕಾರ್ಖಾನೆ, ಒಂದೇ ದಿನ,
ಒಂದೇ ಪೆಟ್ಟಿಗೆಯ ಥರ್ಮಾಕೋಲಿನಲ್ಲಿ
ಮಗ್ಗುಲು ತಾಗಿಸಿ ಬಂದ ಅವಳಿಗಳು.
ಸೋಮವಾರ ಒಂದು ಟಕ್ ಟಕ್ ಅಂದಿತು.
ಗುರುವಾರ ಇನ್ನೊಂದು.
ನಡುವಿನ ಎರಡು ದಿನ ನಾನು ಮುಹರ್ರಕ್‌ನಲ್ಲಿ
ಯಾರದೋ ಮಗುವಿನ ತೊಟ್ಟಿಲು ಶೂಟ್ ಮಾಡುತ್ತಿದ್ದೆ.
ಮೂವತ್ತೊಂದು ಮದುವೆ ಹೋದವು.
ದಂಪತಿಗಳಿಗೆ ಗೊತ್ತಿಲ್ಲ;
ಇನ್ನೂ ಗಂಡ ಹೆಂಡತಿಯಾಗಿಯೇ ಇದ್ದಾರೆ.

ಅದಕ್ಕೇ ಈ ಸಲ ನಾಲ್ಕು. ಎರಡು ಕಂಪನಿ, ನಾಲ್ಕು ತಾರೀಕು.
ಮೊಯ್ದು ಗೋದಾಮಿನ ಏಣಿ ಹತ್ತಿ ಇಳಿದ,
ಹುಡುಗಿಯ ಜಾತಕ ನೋಡುವವನಂತೆ
ಲೇಬಲಿನ ಸಣ್ಣ ಅಕ್ಷರ ಓದಿದ.
ನಿಮಿಷಕ್ಕೆ ಐದು ಸಾವಿರ ಸುತ್ತು ಸಾಕು,
ಏಳು ಸಾವಿರದ್ದು ನಿಮ್ಮ ಕೋಣೆಯಲ್ಲಿ ಬೆವರುತ್ತದೆ.
ಹದಿನಾರು ಟೆರಾದ್ದು ಯಾಕೆ?
ಒಂದು ಸತ್ತರೆ ಮತ್ತೆ ಕಟ್ಟಲು ಎರಡು ಮೂರು ದಿನ;
ಅಷ್ಟೂ ಹೊತ್ತು ಉಳಿದವು ಉಸಿರು ಬಿಡದೆ ಓದಬೇಕು.
ಆ ಓದಿನಲ್ಲೇ ಇನ್ನೊಂದು ಬಿದ್ದರೆ?
ನಾಲ್ಕರದ್ದು ತಗೊಳ್ಳಿ. ಆಸೆ ಸಣ್ಣದಿರಲಿ.

ನೂರ ಎಂಬತ್ತು ದಿನಾರು.
ಜಸಿಂತಾ ಬಿಲ್ಲನ್ನು ಎರಡು ಸಲ ಓದಿದಳು.
ರೇಡ್ ಐದು ಅಂದರೆ ಏನು?
ಅಂದೆ: ನನ್ನ ಮೊದಲ ಕೋಣೆಯಲ್ಲಿ ನಾಲ್ವರಿದ್ದೆವಲ್ಲ,
ತಿಂಗಳ ಖರ್ಚಿಗೆ ತಲೆಗೊಂದು ಚೀಟಿ.
ಒಬ್ಬನ ಚೀಟಿ ಬಟ್ಟೆಯ ಜೊತೆ ಒಗೆದು ಹೋದರೂ
ಒಟ್ಟು ಮೊತ್ತ ನೆನಪಿದ್ದರೆ
ಮೂವರದ್ದು ಕಳೆದು ಅವನದ್ದು ಹೇಳಬಹುದು.
ಇಬ್ಬರ ಚೀಟಿ ಒಗೆದು ಹೋದರೆ?
ಆಗ ಜಗಳ.

ವಾಷಿಂಗ್ ಮಷೀನಿನಿಂದ ದೂರ,
ಕಪಾಟಿನ ಕೆಳಗಿನ ಹಲಗೆಗೆ ರಬ್ಬರು ಹಾಸಿ ಇಟ್ಟೆ.
ರಾತ್ರಿಯೆಲ್ಲ ಕಡಲೆಕಾಯಿ ಸುಲಿಯುವ ಸದ್ದು.
ಉಳಿದದ್ದೆಲ್ಲ ಒಳಗೆ ಹೋಯಿತು:
ರೋಸಿನ ತೆಂಗಿನ ಹಾಲು, ನಿಕಾಹಿನ ಸಹಿಗಳು,
ಸಂಘದ ವಾರ್ಷಿಕೋತ್ಸವ,
ಅಧ್ಯಕ್ಷರ ಭಾಷಣ, ಪೂರ್ತಿ, ಒಂದಕ್ಷರ ಬಿಡದೆ.

ಒಂಬತ್ತನೆಯ ದಿನ ಹಮದ್ ಟೌನಿನಿಂದ ಫೋನು.
ಗ್ರೇಶನ್ ಅಂಕಲ್, ರೊವೀನಾ. ನನ್ನ ಮದುವೆ ನಿಮ್ಮ ಹತ್ತಿರ ಇದೆಯಾ?
ಇದೆ ಮಗಾ, ಅಂದೆ, ದನಿಯಲ್ಲಿ ಸ್ವಲ್ಪ ಜಂಬ,
ಈಗ ಒಂದು ಡಿಸ್ಕ್ ಸತ್ತರೂ ಇರುತ್ತದೆ.
ಅಳಿಸಿಬಿಡಿ.
ಯಾಕೆಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ.
ಹಿಂದೆ ಪ್ರೆಶರ್ ಕುಕ್ಕರ್ ಕೂಗುತ್ತಿತ್ತು.

ಒತ್ತಿದೆ.
ನಾಲ್ಕು ಹಸಿರು ದೀಪ ಒಟ್ಟಿಗೆ ಮಿಟುಕಿದವು.
ಎರಡು ಕಂಪನಿ, ನಾಲ್ಕು ತಾರೀಕು, ಮೊಯ್ದುವಿನ ಅಷ್ಟು ಎಚ್ಚರ,
ಒಂದಾದರೂ ತಕರಾರು ಎತ್ತಲಿಲ್ಲ.
ಉಳಿಸುವುದಕ್ಕೆ ಎಷ್ಟು ನಿಷ್ಠೆಯೋ
ಮರೆಯುವುದಕ್ಕೂ ಅಷ್ಟೇ.

ಊಟಕ್ಕೆ ಕೂತಾಗ ಹೇಳಿದೆ.
ಜಸಿಂತಾ ಮೀನಿನ ಮುಳ್ಳು ಬಿಡಿಸುತ್ತಾ ಸುಮ್ಮನಿದ್ದಳು.
ಆಮೇಲೆ: ಅದೇ ಮದುವೆಯಲ್ಲವಾ,
ಕ್ಯಾಮರಾ ಸ್ಟ್ಯಾಂಡಿಗೆ ಸಿಕ್ಕಿಸಿ
ನೀವೂ ನಾನೂ ಕುಣಿದದ್ದು? ಒಂದೇ ಒಂದು ಹಾಡಿಗೆ?

ಹೌದು. ಇಪ್ಪತ್ತನಾಲ್ಕು ವರ್ಷದಲ್ಲಿ
ನಾನು ಚೌಕಟ್ಟಿನೊಳಗೆ ಬಂದದ್ದು ಅದೊಂದೇ ಸಲ.

ಬಂಗುಡೆ ಆರುತ್ತಿದೆ, ತಿನ್ನಿ, ಅಂದಳು.
ಕಪಾಟಿನ ಕೆಳಗೆ
ಖಾಲಿಯಾದ ಜಾಗವನ್ನು
ನಾಲ್ಕೂ ಸೇರಿ ಲೆಕ್ಕ ಹಾಕುತ್ತಿದ್ದವು.